ಸಣ್ಣ ಪೀಕಿನ ಮೇಲೆ ಕಣ್ಣಿರಲಿ

(ಆಡಿದ ಮಾತನ್ನು ಬರಹಕ್ಕೆ ಇಳಿಸಿದ್ದೇನೆ. ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅದಕ್ಕೇ ಅಲ್ಲಲ್ಲಿ ಒಂದೆರಡು ಮಾತು ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆ ಮೇಲೆ ಒಂದು ಗ್ರಾಫ್ ಇದೆ, ನೋಡಿ. ಎಡದಿಂದ ಬಲಕ್ಕೆ ಸಮಯ. ಕೆಳಗಿಂದ ಮೇಲಕ್ಕೆ ಬೆಳಕು. ನಡುವೆ ಮೂರ್ನಾಲ್ಕು ದೊಡ್ಡ ಗುಡ್ಡ. ಅವುಗಳ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ದಿಬ್ಬ. ಲ್ಯಾಬಿನಲ್ಲಿ ಇವಕ್ಕೆ ಪೀಕ್ ಅಂತೀವಿ. ನಾನು ದಿನಾ ನೋಡುವುದು ಇದನ್ನೇ. ಮೊದಲ ಸಲ ನೋಡುವ ಯಾರಾದರೂ ದೊಡ್ಡ ಗುಡ್ಡದ ಕಡೆಗೇ ಬೆರಳು ತೋರಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಇವತ್ತು ಆ ಬೆರಳನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸೋಣ ಅಂತ ಬಂದಿದ್ದೇನೆ.

ಗ್ರಾಫಿನಲ್ಲಿ ಇರುವುದು ಸಕ್ಕರೆ. ಔಷಧಿಯಾಗಿ ಕೊಡುವ ಆಂಟಿಬಾಡಿಗಳಿಗೆ ಅಂಟಿಕೊಂಡಿರುವ ಸಕ್ಕರೆ ಸರಪಳಿಗಳು. ನಮ್ಮ ಬಾಯಲ್ಲಿ ಗ್ಲೈಕಾನ್.

ಆಂಟಿಬಾಡಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲಿಷಿನ ವೈ ಅಕ್ಷರದ ಆಕಾರದ ಪ್ರೋಟೀನ್ ಅದು. ಎರಡು ಭಾರದ ಸರಪಳಿ, ಎರಡು ಹಗುರ ಸರಪಳಿ. ಒಟ್ಟು ತೂಕ ಸುಮಾರು 1,50,000 ಡಾಲ್ಟನ್. (ಒಂದು ಡಾಲ್ಟನ್ ಅಂದರೆ ಹೆಚ್ಚುಕಡಿಮೆ ಒಂದು ಹೈಡ್ರೋಜನ್ ಪರಮಾಣುವಿನ ತೂಕ.) ಮೇಲಿನ ಎರಡು ತೋಳು ಗುರಿಯನ್ನು ಹಿಡಿದುಕೊಳ್ಳುತ್ತವೆ. ಕೆಳಗಿನ ಕಾಂಡ ದೇಹದ ರಕ್ಷಣಾ ಕೋಶಗಳನ್ನು ಕರೆಯುತ್ತದೆ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಒಂದೇ ಬಗೆಯ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದರು. 1986ರಲ್ಲಿ ಮೊದಲನೆಯದು ಔಷಧಿಯಾಗಿ ಬಂತು. 1997ರಲ್ಲಿ ರಿಟುಕ್ಸಿಮಾಬ್, 1998ರಲ್ಲಿ ಟ್ರಾಸ್ಟುಝುಮಾಬ್. ಆಮೇಲೆ ಸಾಲು ನಿಂತಿಲ್ಲ.

ಸಕ್ಕರೆ ಕೂತಿರುವುದು ಕಾಂಡದಲ್ಲಿ. ಭಾರದ ಸರಪಳಿಯ 297ನೇ ಜಾಗದಲ್ಲಿ ಆಸ್ಪರಾಜಿನ್ ಅನ್ನೋ ಅಮೈನೋ ಆಮ್ಲ ಇದೆ. ಅದಕ್ಕೆ ಒಂದು ಸಕ್ಕರೆ ಸರಪಳಿ ಅಂಟಿದೆ. ಆ ಕಡೆ ಒಂದು, ಈ ಕಡೆ ಒಂದು. ಇಡೀ ಆಂಟಿಬಾಡಿಯ ತೂಕದಲ್ಲಿ ಇವೆರಡರ ಪಾಲು ಶೇ 2ರಿಂದ 3 ಅಷ್ಟೇ. ಇಷ್ಟೇ ಇಷ್ಟು ಸಕ್ಕರೆಗೆ ಇಷ್ಟೊಂದು ತಲೆಬಿಸಿ ಯಾಕೆ ಅಂತ ಕೇಳಬಹುದು. ಅದನ್ನು ತೆಗೆದುಹಾಕಿ ನೋಡಿ, ಗೊತ್ತಾಗುತ್ತದೆ. ತೋಳುಗಳು ಮೊದಲಿನ ಹಾಗೇ ಗುರಿ ಹಿಡಿಯುತ್ತವೆ. ಕಾಂಡ ಮಾತ್ರ ಹೆಚ್ಚುಕಡಿಮೆ ಮೂಕ ಆಗಿಬಿಡುತ್ತದೆ.

ನಕ್ಷೆ ಇಲ್ಲದ ಕಟ್ಟಡ

ಪ್ರೋಟೀನಿಗೆ ನಕ್ಷೆ ಇದೆ. ಡಿಎನ್‌ಎಯಲ್ಲಿ ಬರೆದಿದೆ. ಯಾವ ಅಮೈನೋ ಆಮ್ಲದ ಮುಂದೆ ಯಾವುದು ಬರಬೇಕು ಅಂತ ಒಂದೊಂದೂ ನಿಗದಿ. ಸಕ್ಕರೆಗೆ ಅಂಥ ನಕ್ಷೆಯೇ ಇಲ್ಲ. ಎಲ್ಲಿ ಅಂಟಬಹುದು ಅನ್ನುವುದಕ್ಕೆ ಒಂದು ಗುರುತು ಇದೆ. ಆಸ್ಪರಾಜಿನ್, ಅದರ ಮುಂದೆ ಪ್ರೋಲೀನ್ ಬಿಟ್ಟು ಇನ್ಯಾವುದಾದರೂ, ಅದರ ಮುಂದೆ ಸೆರೀನ್ ಅಥವಾ ಥ್ರಿಯೋನಿನ್. ಆದರೆ ಅಲ್ಲಿ ಏನು ಕಟ್ಟಬೇಕು ಅಂತ ಎಲ್ಲೂ ಬರೆದಿಲ್ಲ.

ಹಾಗಾದರೆ ಯಾರು ಕಟ್ಟುತ್ತಾರೆ? ಕೋಶದೊಳಗಿನ ಎಂಜೈಮುಗಳು. ಮೊದಲು 14 ಸಕ್ಕರೆಗಳ ಒಂದು ಸಿದ್ಧ ಗೊಂಚಲನ್ನು ಪ್ರೋಟೀನಿಗೆ ಒಂದೇ ಸಲಕ್ಕೆ ಅಂಟಿಸುತ್ತವೆ. ಆಮೇಲೆ ಒಂದೊಂದೇ ಕತ್ತರಿಸುತ್ತಾ ಹೋಗುತ್ತವೆ. ಪ್ರೋಟೀನು ಗಾಲ್ಜಿ ಅನ್ನೋ ಕೋಶದ ಪ್ಯಾಕಿಂಗ್ ಕೋಣೆಯೊಳಗೆ ಸಾಗುತ್ತಾ ಇರುವಾಗ ಬೇರೆ ಎಂಜೈಮುಗಳು ಹೊಸ ಸಕ್ಕರೆ ಸೇರಿಸುತ್ತವೆ. ಎಂಜೈಮ್ ಎದುರಾದರೆ ಕೆಲಸ ಆಯಿತು. ಎದುರಾಗಲಿಲ್ಲ ಅಂದರೆ ಅರ್ಧಕ್ಕೇ ಬಿಟ್ಟು ಪ್ರೋಟೀನು ಹೊರಗೆ ಬರುತ್ತದೆ. ಅಂದರೆ ಒಂದೇ ಕೋಶ, ಒಂದೇ ದಿನ, ಒಂದೇ ಆಂಟಿಬಾಡಿ ತಯಾರಿಸುತ್ತಿದ್ದರೂ ಸಕ್ಕರೆ ಮಾತ್ರ ಹತ್ತಾರು ಬಗೆ.

ಇದರ ರಚನೆ ಬಾಯಲ್ಲೇ ಹೇಳುತ್ತೇನೆ, ಚಿತ್ರ ಬರೆದುಕೊಳ್ಳಿ. ಬುಡದಲ್ಲಿ ಎರಡು ಗ್ಲಕ್‌ನ್ಯಾಕ್. ಪೂರ್ತಿ ಹೆಸರು ಎನ್-ಅಸಿಟೈಲ್ ಗ್ಲುಕೋಸಮೈನ್, ಆದರೆ ಲ್ಯಾಬಲ್ಲಿ ಅಷ್ಟುದ್ದ ಯಾರೂ ಹೇಳಲ್ಲ. ಅದರ ಮೇಲೆ ಮೂರು ಮ್ಯಾನೋಸ್, ಅಲ್ಲಿಂದ ಎರಡು ಕವಲು. ಪ್ರತಿ ಕವಲಿಗೂ ಇನ್ನೊಂದು ಗ್ಲಕ್‌ನ್ಯಾಕ್. ಅದರ ತುದಿಗೆ ಗ್ಯಾಲಕ್ಟೋಸ್ ಇರಬಹುದು, ಇಲ್ಲದೇ ಇರಬಹುದು. ಗ್ಯಾಲಕ್ಟೋಸ್ ಮೇಲೆ ಸಿಯಾಲಿಕ್ ಆಮ್ಲ ಇರಬಹುದು, ಇಲ್ಲದೇ ಇರಬಹುದು. ಮತ್ತೆ ಬುಡಕ್ಕೆ ಬನ್ನಿ. ಮೊದಲ ಗ್ಲಕ್‌ನ್ಯಾಕ್‌ಗೆ ಪಕ್ಕದಿಂದ ಫ್ಯೂಕೋಸ್ ಅಂಟಿರಬಹುದು, ಇಲ್ಲದೇ ಇರಬಹುದು. ಇಷ್ಟೇ ಆಟ.

ಹೆಸರುಗಳೂ ಅಷ್ಟೇ ಸುಲಭ. ಗ್ಯಾಲಕ್ಟೋಸ್ ಒಂದೂ ಇಲ್ಲ, ಫ್ಯೂಕೋಸ್ ಇದೆ ಅಂದರೆ ಜಿ0ಎಫ್. ಒಂದು ಗ್ಯಾಲಕ್ಟೋಸ್ ಇದ್ದರೆ ಜಿ1ಎಫ್. ಎರಡಿದ್ದರೆ ಜಿ2ಎಫ್. ಫ್ಯೂಕೋಸ್ ಇಲ್ಲದಿದ್ದರೆ ಎಫ್ ಬಿಟ್ಟುಬಿಡಿ, ಬರೀ ಜಿ0. ಮೊದಲ ಗೊಂಚಲನ್ನು ಕತ್ತರಿಸಿ, ಹೊಸದನ್ನು ಸೇರಿಸುವ ಮೊದಲೇ ಹೊರಬಂದದ್ದು ಮ್ಯಾನ್5, ಅಂದರೆ ಐದು ಮ್ಯಾನೋಸ್ ಇರುವುದು. ಅರ್ಧಂಬರ್ಧ ಕೆಲಸದ ಗುರುತು ಅದು.

ಪರದೆ ಮೇಲಿನ ದೊಡ್ಡ ಗುಡ್ಡಗಳು ಜಿ0ಎಫ್, ಜಿ1ಎಫ್, ಜಿ2ಎಫ್. ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳಲ್ಲಿ, ಅಂದರೆ ಸಿಎಚ್‌ಒ ಕೋಶಗಳಲ್ಲಿ ಬೆಳೆಸಿದ ಆಂಟಿಬಾಡಿಗಳಲ್ಲಿ ಸಾಮಾನ್ಯವಾಗಿ ಇವೇ ಜಾಸ್ತಿ. ಜಿ0, ಮ್ಯಾನ್5, ಸಿಯಾಲಿಕ್ ಆಮ್ಲ ಇರುವವು ಬುಡದ ದಿಬ್ಬಗಳು.

ದಿಬ್ಬದ ಕರಾಮತ್ತು

ಫ್ಯೂಕೋಸ್‌ನಿಂದ ಶುರು ಮಾಡೋಣ. ಕ್ಯಾನ್ಸರ್ ಔಷಧಿಯಾಗಿ ಕೊಡುವ ಹಲವು ಆಂಟಿಬಾಡಿಗಳು ಕೆಲಸ ಮಾಡುವುದು ಹೀಗೆ. ತೋಳು ಕ್ಯಾನ್ಸರ್ ಕೋಶವನ್ನು ಹಿಡಿಯುತ್ತದೆ. ಕಾಂಡ ನ್ಯಾಚುರಲ್ ಕಿಲ್ಲರ್ ಕೋಶದ ಮೇಲಿರುವ ಒಂದು ಗ್ರಾಹಕವನ್ನು, ಅಂದರೆ ರಿಸೆಪ್ಟರನ್ನು ಹಿಡಿಯುತ್ತದೆ. ಕಿಲ್ಲರ್ ಕೋಶ ಪಕ್ಕದಲ್ಲಿರುವ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದ್ದು ಏನು ಗೊತ್ತಾ? ಬುಡದ ಆ ಒಂದು ಫ್ಯೂಕೋಸ್ ಇಲ್ಲದಿದ್ದರೆ ಈ ಗ್ರಾಹಕದ ಹಿಡಿತ 50 ಪಟ್ಟಿನವರೆಗೆ ಬಿಗಿಯಾಗುತ್ತದೆ. 146 ಡಾಲ್ಟನ್ ತೂಗುವ ಒಂದು ಸಕ್ಕರೆ. 1,50,000ದಲ್ಲಿ 146.

ಕಾರಣ ಕೇಳಿದರೆ ಇನ್ನೂ ಖುಷಿಯಾಗುತ್ತದೆ. ಆ ಗ್ರಾಹಕಕ್ಕೂ ತನ್ನದೇ ಒಂದು ಸಕ್ಕರೆ ಸರಪಳಿ ಇದೆ, ಅದರ 162ನೇ ಜಾಗದಲ್ಲಿ. ಆಂಟಿಬಾಡಿಯ ಸಕ್ಕರೆ, ಗ್ರಾಹಕದ ಸಕ್ಕರೆ, ಎರಡೂ ಹತ್ತಿರ ಬಂದು ಒಂದಕ್ಕೊಂದು ಆತುಕೊಳ್ಳಬೇಕು. ನಡುವೆ ಫ್ಯೂಕೋಸ್ ಇದ್ದರೆ ಅಡ್ಡ. ಬಾಗಿಲ ಸಂದಿಗೆ ಸಿಕ್ಕಿಕೊಂಡ ಸಣ್ಣ ಕಲ್ಲು ಅಂತ ಇಟ್ಟುಕೊಳ್ಳಿ.

ಇದನ್ನು ತಿಳಿದವರು ಬೇಕಂತಲೇ ಫ್ಯೂಕೋಸ್ ಇಲ್ಲದ ಆಂಟಿಬಾಡಿ ತಯಾರಿಸಿದರು. ಫ್ಯೂಕೋಸ್ ಅಂಟಿಸುವ ಎಂಜೈಮಿನ ಜೀನನ್ನೇ ಕೋಶದಿಂದ ಕಿತ್ತುಹಾಕಿದರು. ಆ ದಾರಿಯಲ್ಲಿ ಬಂದ ಮೊಗಮುಲಿಝುಮಾಬ್‌ಗೆ 2012ರಲ್ಲಿ ಜಪಾನಿನಲ್ಲಿ ಒಪ್ಪಿಗೆ ಸಿಕ್ಕಿತು. ಬೇರೊಂದು ಉಪಾಯದಿಂದ ಫ್ಯೂಕೋಸ್ ಕಡಿಮೆ ಮಾಡಿದ ಒಬಿನುಟುಝುಮಾಬ್‌ಗೆ 2013ರಲ್ಲಿ ಅಮೆರಿಕದಲ್ಲಿ.

ಈಗ ಇದನ್ನು ತಿರುಗಿಸಿ ನೋಡಿ. ಮಾಮೂಲಿ ಆಂಟಿಬಾಡಿಯಲ್ಲಿ ಫ್ಯೂಕೋಸ್ ಇಲ್ಲದ ಪಾಲು ಶೇಕಡಾ ಕೆಲವು ಅಷ್ಟೇ. ಆದರೆ ಕಿಲ್ಲರ್ ಕೋಶವನ್ನು ಎಬ್ಬಿಸುವ ಕೆಲಸದಲ್ಲಿ ಅದರ ಪಾಲು ಬಹಳ ದೊಡ್ಡದು. ಜಿ0ಎಫ್ ಒಂದು ಬ್ಯಾಚಿನಲ್ಲಿ ಶೇ 45, ಇನ್ನೊಂದರಲ್ಲಿ ಶೇ 48 ಆದರೆ ಯಾರ ನಿದ್ದೆಯೂ ಕೆಡುವುದಿಲ್ಲ. ಜಿ0 ಮೂರು ಇದ್ದದ್ದು ಒಂದೂವರೆಗೆ ಇಳಿದರೆ ನನ್ನ ನಿದ್ದೆ ಕೆಡುತ್ತದೆ. (ಇವು ಉದಾಹರಣೆಗೆ ಹೇಳಿದ ಅಂಕಿ.)

ಇದು ಬರೀ ಬಾಯಿಮಾತಲ್ಲ. ಟ್ರಾಸ್ಟುಝುಮಾಬ್‌ನ ಬಯೋಸಿಮಿಲರ್, ಅಂದರೆ ಅದರ ಹತ್ತಿರದ ಪ್ರತಿರೂಪ ತಯಾರಿಸುತ್ತಿದ್ದವರು ಮೂಲ ಔಷಧಿಯ ಬ್ಯಾಚುಗಳನ್ನು ಕೊಂಡು ವರ್ಷಾನುಗಟ್ಟಲೆ ಅಳೆಯುತ್ತಾ ಬಂದರು. 2017ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ, ಅವಧಿ ಮುಗಿಯುವ ದಿನಾಂಕ 2018ರ ಆಗಸ್ಟಿನಿಂದ 2019ರ ಡಿಸೆಂಬರ್ ನಡುವೆ ಇದ್ದ ಬ್ಯಾಚುಗಳಲ್ಲಿ ಫ್ಯೂಕೋಸ್ ಇಲ್ಲದ ಪಾಲು ಇಳಿದಿತ್ತು. ಜೊತೆಗೇ ಗ್ರಾಹಕದ ಹಿಡಿತವೂ ಇಳಿದಿತ್ತು, ಕೋಶ ಕೊಲ್ಲುವ ಶಕ್ತಿಯೂ ಇಳಿದಿತ್ತು. ಗ್ರಾಫಿನ ಬುಡದಲ್ಲಿ ಆದ ಸಣ್ಣ ಬದಲಾವಣೆ. ಪ್ರೋಟೀನಿನ ಒಂದು ಅಮೈನೋ ಆಮ್ಲವೂ ಬದಲಾಗಿರಲಿಲ್ಲ.

ಇನ್ನೊಂದು ಕಥೆ ಇದಕ್ಕಿಂತ ಗಂಭೀರ. ಸೆಟುಕ್ಸಿಮಾಬ್ ಅನ್ನೋ ಕ್ಯಾನ್ಸರ್ ಔಷಧಿ. ಅದನ್ನು ಬೆಳೆಸುವುದು ಇಲಿಯ ಕೋಶಗಳಲ್ಲಿ. ಅಮೆರಿಕದ ಆಗ್ನೇಯ ಭಾಗದ ಕೆಲವು ರಾಜ್ಯಗಳಲ್ಲಿ ಮೊದಲ ಸಲ ಈ ಔಷಧಿ ಕೊಟ್ಟಾಗಲೇ ಕೆಲವರಿಗೆ ಜೀವಕ್ಕೆ ಕುತ್ತು ತರುವಂಥ ಅಲರ್ಜಿ ಆಗುತ್ತಿತ್ತು. ಬೇರೆ ಕಡೆ ಅಷ್ಟಾಗಿ ಇರಲಿಲ್ಲ. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಔಷಧಿ ತಗೊಂಡ 76 ಜನರ ಲೆಕ್ಕ ಇದೆ. 25 ಜನರಿಗೆ ಅಲರ್ಜಿ ಆಗಿತ್ತು. ಅವರಲ್ಲಿ 17 ಜನರ ರಕ್ತದಲ್ಲಿ, ಔಷಧಿ ಕೊಡುವ ಮೊದಲೇ, ಅದರ ವಿರುದ್ಧ ಐಜಿಇ, ಅಂದರೆ ಅಲರ್ಜಿ ಕೆರಳಿಸುವ ಬಗೆಯ ಆಂಟಿಬಾಡಿ ಇತ್ತು. ಅಲರ್ಜಿ ಆಗದ 51 ಜನರಲ್ಲಿ ಒಬ್ಬರಿಗೆ ಮಾತ್ರ ಇತ್ತು.

ಔಷಧಿಯನ್ನೇ ಕಾಣದ ದೇಹದಲ್ಲಿ ಅದರ ವಿರುದ್ಧ ಐಜಿಇ ಹೇಗೆ ಬಂತು? ಅದು ಹುಡುಕುತ್ತಿದ್ದದ್ದು ಪ್ರೋಟೀನನ್ನಲ್ಲ, ಸಕ್ಕರೆಯನ್ನು. ಇಲಿಯ ಕೋಶ ಒಂದು ಗ್ಯಾಲಕ್ಟೋಸ್ ಮೇಲೆ ಇನ್ನೊಂದು ಗ್ಯಾಲಕ್ಟೋಸ್ ಅಂಟಿಸುತ್ತದೆ. ಮನುಷ್ಯರ ಕೋಶ ಹಾಗೆ ಮಾಡುವುದಿಲ್ಲ. ಆಲ್ಫಾ-ಗ್ಯಾಲ್ ಅಂತ ಅದರ ಹೆಸರು. ಆ ಭಾಗದ ಜನರಿಗೆ ಒಂದು ಬಗೆಯ ಉಣ್ಣೆ (ರಕ್ತ ಹೀರುವ ಉಣುಗು) ಕಚ್ಚಿ ಆಲ್ಫಾ-ಗ್ಯಾಲ್ ವಿರುದ್ಧ ಐಜಿಇ ಹುಟ್ಟಿರುತ್ತದೆ ಅಂತ ಆಮೇಲೆ ತಿಳಿಯಿತು. ಉಣ್ಣೆ ಕಡಿತಕ್ಕೂ ಕ್ಯಾನ್ಸರ್ ಔಷಧಿಗೂ ಕೊಂಡಿ ಹಾಕಿದ್ದು ಒಂದು ಸಕ್ಕರೆ!

ಇಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಸೆಟುಕ್ಸಿಮಾಬ್‌ಗೆ ಕಾಂಡದಲ್ಲಿ ಮಾತ್ರ ಅಲ್ಲ, ತೋಳಿನಲ್ಲೂ ಸಕ್ಕರೆ ಇದೆ. ಕಾಂಡದ ಸಕ್ಕರೆ ಎರಡು ಸರಪಳಿಗಳ ನಡುವೆ ಅಡಗಿರುತ್ತದೆ. ತೋಳಿನದು ಹೊರಗೆ ಚಾಚಿಕೊಂಡಿರುತ್ತದೆ. ಐಜಿಇ ಕೈಗೆ ಸಿಕ್ಕಿದ್ದು ತೋಳಿನ ಸಕ್ಕರೆ. ಅಂದರೆ ಯಾವ ಸಕ್ಕರೆ ಅನ್ನುವುದರ ಜೊತೆಗೆ ಎಲ್ಲಿರುವ ಸಕ್ಕರೆ ಅನ್ನುವುದೂ ಗೊತ್ತಿರಬೇಕು. ಈ ಮಾತು ನೆನಪಿರಲಿ, ಮತ್ತೆ ಬೇಕಾಗುತ್ತದೆ.

ಮ್ಯಾನ್5 ಬಗ್ಗೆ ಒಂದೇ ಮಾತು. ಅದು ಜಾಸ್ತಿ ಇದ್ದರೆ ಆಂಟಿಬಾಡಿ ರಕ್ತದಿಂದ ಬೇಗ ಖಾಲಿಯಾಗುತ್ತದೆ. ಮ್ಯಾನೋಸ್ ಹಿಡಿಯುವ ಗ್ರಾಹಕಗಳು ಅದನ್ನು ಎಳೆದುಕೊಂಡುಬಿಡುತ್ತವೆ. ಗ್ಯಾಲಕ್ಟೋಸ್ ಜಾಸ್ತಿಯಾದರೆ ಕಾಂಪ್ಲಿಮೆಂಟ್ ವ್ಯವಸ್ಥೆ, ಅಂದರೆ ರಕ್ತದಲ್ಲಿರುವ ರಕ್ಷಣಾ ಪ್ರೋಟೀನುಗಳ ಪಡೆ ಚುರುಕಾಗುತ್ತದೆ. ಸಿಯಾಲಿಕ್ ಆಮ್ಲ ಉರಿಯೂತ ತಣಿಸುತ್ತದೆ ಅಂತ 2006ರಿಂದ ಒಂದು ವಾದ ಇದೆ. ಅದರ ಜಗಳ ಇನ್ನೂ ಮುಗಿದಿಲ್ಲ, ನಾನು ನಡುವೆ ಬಾಯಿ ಹಾಕುವುದಿಲ್ಲ.

ಬಿಡಿಸುವುದು, ಬಣ್ಣ ಹಚ್ಚುವುದು, ಓಡಿಸುವುದು

ಈಗ ನನ್ನ ಮೇಜಿಗೆ ಬನ್ನಿ. ಈ ಭಾಗ ಸ್ವಲ್ಪ ಉದ್ದ ಆಗುತ್ತದೆ, ಯಾಕೆಂದರೆ ಇದು ನನ್ನ ಹೊಟ್ಟೆಪಾಡು.

ಕೈಯಲ್ಲಿ ಒಂದು ಸಣ್ಣ ಟ್ಯೂಬ್. ಅದರಲ್ಲಿ ಆಂಟಿಬಾಡಿ. ಮೊದಲು ಅದರ ಮಡಿಕೆ ಬಿಡಿಸಬೇಕು. ಡಿಟರ್ಜೆಂಟ್ ಹಾಕಿ ಬಿಸಿ ಮಾಡುತ್ತೇವೆ. ಆಮೇಲೆ ಪಿಎನ್‌ಜಿಯೇಸ್ ಎಫ್ ಅನ್ನೋ ಎಂಜೈಮ್. ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು. ಇದು ಕತ್ತರಿಸುವ ಜಾಗ ಬಹಳ ನಿಖರ. ಆಸ್ಪರಾಜಿನ್‌ಗೂ ಮೊದಲ ಗ್ಲಕ್‌ನ್ಯಾಕ್‌ಗೂ ನಡುವೆ. ಸಕ್ಕರೆ ಸರಪಳಿ ಇಡಿಯಾಗಿ ಕಳಚಿಕೊಳ್ಳುತ್ತದೆ. ಹಿಂದೆ ಉಳಿದ ಆಸ್ಪರಾಜಿನ್ ಆಸ್ಪಾರ್ಟಿಕ್ ಆಮ್ಲ ಆಗುತ್ತದೆ, ತೂಕ ಒಂದು ಡಾಲ್ಟನ್‌ನಷ್ಟು ಏರುತ್ತದೆ. ಸಕ್ಕರೆ ಇಲ್ಲಿ ಇತ್ತು ಅಂತ ಪ್ರೋಟೀನು ಬಿಟ್ಟುಹೋಗುವ ಸಾಕ್ಷಿ ಅದು.

ಹಳೆಯ ಕ್ರಮದಲ್ಲಿ ಇದಕ್ಕೆ 37 ಡಿಗ್ರಿಯಲ್ಲಿ ಒಂದಿಡೀ ರಾತ್ರಿ ಬೇಕು. ಈಗ ಬರುವ ಕಿಟ್‌ಗಳಲ್ಲಿ 50 ಡಿಗ್ರಿಯಲ್ಲಿ ಐದು ನಿಮಿಷ ಸಾಕು. ಹೊಸಬರಿಗೆ ನಾನು ಹೇಳುವುದು ಒಂದೇ. ಡಿಟರ್ಜೆಂಟ್ ಎಂಜೈಮನ್ನೂ ಮಡಿಕೆ ಬಿಡಿಸಿಬಿಡುತ್ತದೆ. ಅದನ್ನು ಪಳಗಿಸಲು ಇನ್ನೊಂದು ಸೌಮ್ಯ ಡಿಟರ್ಜೆಂಟ್ ಹಾಕಬೇಕು. ಮರೆತರೆ ಬೆಳಿಗ್ಗೆ ಟ್ಯೂಬಲ್ಲಿ ಏನೂ ಇರಲ್ಲ.

ಸಕ್ಕರೆ ಬಿಡಿಸಿಕೊಂಡೆವು. ಆದರೆ ಕಾಣಿಸುವುದಿಲ್ಲ. ಪ್ರೋಟೀನ್ ಯುವಿ ಬೆಳಕನ್ನು ಹೀರುತ್ತದೆ, ಡಿಟೆಕ್ಟರ್‌ಗೆ ಸಿಗುತ್ತದೆ. ಸಕ್ಕರೆಗೆ ಆ ಗುಣ ಹೆಚ್ಚುಕಡಿಮೆ ಇಲ್ಲ. ಅದಕ್ಕೆ ಹೊಳೆಯುವ ಬಣ್ಣ ಹಚ್ಚುತ್ತೇವೆ. ಹೆಚ್ಚು ಬಳಕೆಯಲ್ಲಿರುವುದು 2-ಎಬಿ. ಸರಪಳಿಯ ಬುಡದ ತುದಿಗೆ ಒಂದೇ ಒಂದು ಅಂಟುತ್ತದೆ. 65 ಡಿಗ್ರಿಯಲ್ಲಿ ಎರಡು ಮೂರು ಗಂಟೆ. 330 ನ್ಯಾನೋಮೀಟರ್ ಬೆಳಕು ಕೊಟ್ಟರೆ 420ರಲ್ಲಿ ಹೊಳೆಯುತ್ತದೆ.

ಒಂದೇ ಒಂದು ಅಂಟುತ್ತದೆ ಅಂದೆನಲ್ಲ, ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ. ಸರಪಳಿ ದೊಡ್ಡದಿರಲಿ ಚಿಕ್ಕದಿರಲಿ, ಒಂದು ಸರಪಳಿಗೆ ಒಂದು ದೀಪ. ಹಾಗಾಗಿ ಪೀಕಿನ ವಿಸ್ತೀರ್ಣ ಅಂದರೆ ಸರಪಳಿಗಳ ಎಣಿಕೆ. ಜಿ0ಎಫ್ ಪೀಕ್ ಜಿ0ಗಿಂತ 20 ಪಟ್ಟು ಇದ್ದರೆ ಅಣುಗಳೂ 20 ಪಟ್ಟು.

ಬಣ್ಣ ಹಚ್ಚಿದ ಸಕ್ಕರೆಗಳನ್ನು ಬೇರೆ ಬೇರೆ ಮಾಡಲು ಹಿಲಿಕ್ ಕಾಲಮ್, ಅಂದರೆ ಪುಡಿ ತುಂಬಿದ ಒಂದು ಕೊಳವೆ. ಇದರ ಒಳಗಿನ ಮೇಲ್ಮೈ ನೀರು ಇಷ್ಟಪಡುವಂಥದ್ದು. ಮೊದಲು ಅಸಿಟೋನೈಟ್ರೈಲ್ ಅನ್ನೋ ದ್ರಾವಕ ಜಾಸ್ತಿ ಇರುವ ದ್ರಾವಣ ಹರಿಸುತ್ತೇವೆ. ಸಕ್ಕರೆಗಳಿಗೆ ಅದು ಹಿಡಿಸುವುದಿಲ್ಲ, ಕಾಲಮ್ಮಿಗೇ ಅಂಟಿಕೊಂಡು ಕೂರುತ್ತವೆ. ನಿಧಾನವಾಗಿ ನೀರು ಹೆಚ್ಚಿಸುತ್ತಾ ಹೋದರೆ ಚಿಕ್ಕವು ಮೊದಲು ಬಿಟ್ಟುಕೊಡುತ್ತವೆ, ದೊಡ್ಡವು ಆಮೇಲೆ. ಮೊದಲು ಜಿ0, ಬೆನ್ನಿಗೇ ಜಿ0ಎಫ್, ಆಮೇಲೆ ಮ್ಯಾನ್5, ಜಿ1ಎಫ್, ಕೊನೆಗೆ ಜಿ2ಎಫ್.

ಜಿ1ಎಫ್ ಎರಡು ಪೀಕಾಗಿ ಬರುತ್ತದೆ. ನೋಡಿ, ಇಲ್ಲಿ ಅಕ್ಕಪಕ್ಕ. ಒಂದೇ ತೂಕ, ಒಂದೇ ಸಕ್ಕರೆಗಳು. ವ್ಯತ್ಯಾಸ ಏನೆಂದರೆ ಇರುವ ಒಂದು ಗ್ಯಾಲಕ್ಟೋಸ್ ಯಾವ ಕವಲಿನಲ್ಲಿದೆ ಅನ್ನುವುದು. ಬರೀ ತೂಕ ನೋಡುವ ತಕ್ಕಡಿ ಇವನ್ನು ಬೇರೆ ಮಾಡಲಾರದು, ಕಾಲಮ್ ಮಾಡುತ್ತದೆ. ಇದು ನನಗೆ ಇವತ್ತಿಗೂ ಬೆರಗು.

ಇಲ್ಲೇ ನನ್ನ ಮಾನ ಹೋದ ಕಥೆಯನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದು. ಒಂದು ದಿನ ಜಿ0ಎಫ್ ಕೂಡ ಎರಡು ಪೀಕಾಗಿ ಬಂತು. ಜಿ0ಎಫ್‌ನಲ್ಲಿ ಗ್ಯಾಲಕ್ಟೋಸೇ ಇಲ್ಲ, ಕವಲು ಬದಲಾಗುವ ಮಾತೇ ಇಲ್ಲ. ಹಾಗಾದರೆ ಇದು ಹೊಸದೇ ಏನೋ ಅಂತ ನನ್ನ ಎದೆ ಹೊಡೆದುಕೊಂಡಿತು. ಸಂಜೆವರೆಗೂ ಕೂತು ಸಂಭವನೀಯ ರಚನೆಗಳ ಚಿತ್ರ ಬರೆದೆ. ಪಕ್ಕದ ಮೇಜಿನವರಿಗೆಲ್ಲ ತೋರಿಸಿದೆ. ಹಿರಿಯ ಸಹೋದ್ಯೋಗಿ ಒಬ್ಬರು ಬಂದು ಗ್ರಾಫನ್ನು ಅರ್ಧ ನಿಮಿಷ ನೋಡಿದರು. "ಸ್ಯಾಂಪಲ್ ಯಾವುದರಲ್ಲಿ ಕರಗಿಸಿದೆ?" ಅಂತ ಕೇಳಿದರು. ನೀರಲ್ಲಿ ಅಂದೆ. ಅಸಿಟೋನೈಟ್ರೈಲ್ ಬೆರೆಸೋದು ಮರೆತಿದ್ದೆ. ನೀರಿನಲ್ಲಿ ತೇಲಿಬಂದ ಸಕ್ಕರೆಗೆ ಕಾಲಮ್ಮಿಗೆ ಅಂಟುವುದೋ ಬೇಡವೋ ಗೊತ್ತಾಗುವುದಿಲ್ಲ. ಅರ್ಧ ಅಂಟುತ್ತದೆ, ಅರ್ಧ ನೀರಿನ ಜೊತೆ ಮುಂದಕ್ಕೆ ಓಡುತ್ತದೆ. ಒಂದೇ ಸಕ್ಕರೆ ಎರಡು ಪೀಕು. ಮತ್ತೆ ಸರಿಯಾಗಿ ಬೆರೆಸಿ ಓಡಿಸಿದೆ, ನನ್ನ ಹೊಸ ಸಕ್ಕರೆ ಮಾಯವಾಯಿತು.

ಸಣ್ಣ ಪೀಕ್ ನೋಡಿ ಅಂತ ಹೇಳುವ ನಾನೇ ಇದನ್ನೂ ಹೇಳಬೇಕು. ಸಣ್ಣ ಪೀಕು ಕೋಶದಿಂದ ಬಂದಿರಬಹುದು, ನಮ್ಮ ಕೈಯಿಂದಲೂ ಬಂದಿರಬಹುದು. ಆಮ್ಲ ಜಾಸ್ತಿ, ಬಿಸಿ ಜಾಸ್ತಿ ಆದರೆ ಸಿಯಾಲಿಕ್ ಆಮ್ಲ ಉದುರುತ್ತದೆ. ಹತ್ತಿ, ಕಾಗದ, ಫಿಲ್ಟರ್, ಇವುಗಳ ಸೆಲ್ಯುಲೋಸ್ ಚೂರಿನಿಂದ ಗ್ಲೂಕೋಸ್ ಸರಪಳಿಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣಿಸಿಕೊಳ್ಳುತ್ತವೆ. ತಮಾಷೆ ಅಂದರೆ ಅಂಥದೇ ಮೆಟ್ಟಿಲನ್ನು ನಾವು ಬೇಕಂತಲೂ ಓಡಿಸುತ್ತೇವೆ. ಡೆಕ್ಸ್‌ಟ್ರಾನ್ ಒಡೆದು ಮಾಡಿದ ಗ್ಲೂಕೋಸ್ ಏಣಿ ಅದು. ಒಂದು, ಎರಡು, ಮೂರು ಗ್ಲೂಕೋಸ್ ಎಲ್ಲೆಲ್ಲಿ ಬಂದವು ಅಂತ ನೋಡಿ, ಅದರ ಮೇಲೆ ನಮ್ಮ ಪೀಕುಗಳ ಜಾಗ ಗುರುತಿಸುತ್ತೇವೆ. ಯಂತ್ರ ಬದಲಾದರೂ ಏಣಿಯ ಮೇಲಿನ ಜಾಗ ಅಷ್ಟಾಗಿ ಬದಲಾಗುವುದಿಲ್ಲ.

ತಕ್ಕಡಿಗೂ ಮೋಸ ಆಗುತ್ತೆ

ಇಷ್ಟೆಲ್ಲ ಯಾಕೆ, ಅಣುಗಳನ್ನು ತೂಗುವ ತಕ್ಕಡಿಗೆ, ಅಂದರೆ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕಿದರೆ ತೂಕ ಗೊತ್ತಾಗಲ್ವಾ? ಗೊತ್ತಾಗುತ್ತದೆ. ಆದರೆ ಗ್ಯಾಲಕ್ಟೋಸ್ 162, ಮ್ಯಾನೋಸ್ 162, ಗ್ಲೂಕೋಸ್ 162. ತಕ್ಕಡಿಗೆ ಮೂರೂ ಒಂದೇ. ಆ ಅಲರ್ಜಿ ತರುವ ಆಲ್ಫಾ-ಗ್ಯಾಲ್ ಕೂಡ ತಕ್ಕಡಿಗೆ ಬರೀ ಇನ್ನೊಂದು 162.

ಇದಕ್ಕಿಂತ ಚೆಂದದ ಮೋಸ ಒಂದಿದೆ. ಸಿಯಾಲಿಕ್ ಆಮ್ಲದಲ್ಲಿ ಎರಡು ಬಗೆ. ಮನುಷ್ಯರ ಕೋಶ ತಯಾರಿಸುವುದು ಒಂದು, 291 ಡಾಲ್ಟನ್. ಇಲಿಯ ಕೋಶ ಇನ್ನೊಂದನ್ನೂ ತಯಾರಿಸುತ್ತದೆ, 307. ಅದನ್ನು ತಯಾರಿಸುವ ಜೀನ್ ಮನುಷ್ಯರಲ್ಲಿ ಬಹಳ ಹಿಂದೆಯೇ ಕೆಟ್ಟುಹೋಗಿದೆ. ಈಗ ಕೂಡಿಸಿ. ಮನುಷ್ಯರ ಬಗೆಯ 291ಕ್ಕೆ ಗ್ಯಾಲಕ್ಟೋಸಿನ 162 ಸೇರಿಸಿದರೆ 453. ಇಲಿ ಬಗೆಯ 307ಕ್ಕೆ ಫ್ಯೂಕೋಸಿನ 146 ಸೇರಿಸಿದರೂ 453. ಅಂದಾಜಿನ ಹೊಂದಿಕೆ ಅಲ್ಲ ಇದು. ಎರಡರಲ್ಲೂ ಇರುವ ಪರಮಾಣುಗಳೇ ಅಷ್ಟಷ್ಟೇ. ಎಷ್ಟು ಒಳ್ಳೆಯ ಯಂತ್ರ ತಂದರೂ ತೂಕ ಒಂದರಿಂದಲೇ ಬಿಡಿಸಲಾಗದು. ಒಂದು ಸಾಮಾನ್ಯ ಸಕ್ಕರೆ, ಇನ್ನೊಂದು ದೇಹಕ್ಕೆ ಪರಕೀಯ.

ಹಾಗಾಗಿ ಒಂದು ಉತ್ತರವನ್ನು ಇನ್ನೊಂದರಿಂದ ಪರೀಕ್ಷಿಸಬೇಕು. ಒಂದೊಂದೇ ಸಕ್ಕರೆಯನ್ನು ತುದಿಯಿಂದ ಕತ್ತರಿಸುವ ಎಂಜೈಮುಗಳಿವೆ. ಸಿಯಾಲಿಡೇಸ್ ಹಾಕಿ, ಪೀಕ್ ಜರುಗಿತೇ ನೋಡಿ. ಗ್ಯಾಲಕ್ಟೋಸಿಡೇಸ್ ಹಾಕಿ, ಜರುಗಿತೇ ನೋಡಿ. ಬೀಟಾ ಗ್ಯಾಲಕ್ಟೋಸಿಡೇಸ್‌ಗೆ ಜರುಗದೆ ಆಲ್ಫಾಕ್ಕೆ ಜರುಗಿದರೆ ಅದು ಆಲ್ಫಾ-ಗ್ಯಾಲ್. ಹಳೆಯ ಕಾಲದ ವಿಧಾನ, ನಿಧಾನ ಬೇರೆ. ಆದರೆ ಅಷ್ಟು ನೇರವಾಗಿ ಉತ್ತರ ಕೊಡುವುದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಸಕ್ಕರೆ ಬಿಡಿಸದೆ ಇಡೀ ಆಂಟಿಬಾಡಿಯನ್ನೇ ತೂಗಿದರೆ? ಅದನ್ನೂ ಮಾಡುತ್ತೇವೆ. 162 ಡಾಲ್ಟನ್ ಅಂತರದಲ್ಲಿ ಐದು ಪೀಕು ಸಾಲಾಗಿ ನಿಲ್ಲುತ್ತವೆ. ನೋಡಲು ಬಹಳ ಚೆಂದ. ಆದರೆ ನಡುವಿನ ಪೀಕು ಯಾವುದು? ಎರಡೂ ಕಡೆ ಜಿ1ಎಫ್ ಇರುವುದೋ, ಒಂದು ಕಡೆ ಜಿ0ಎಫ್ ಇನ್ನೊಂದು ಕಡೆ ಜಿ2ಎಫ್ ಇರುವುದೋ? ತೂಕ ಒಂದೇ.

ಇನ್ನು "ಎಲ್ಲಿರುವ ಸಕ್ಕರೆ" ಅನ್ನುವ ಪ್ರಶ್ನೆ. ಸಕ್ಕರೆಗಳನ್ನೆಲ್ಲ ಬಿಡಿಸಿ ಒಂದೇ ಟ್ಯೂಬಿಗೆ ಹಾಕಿದ ಮೇಲೆ ತೋಳಿನದು ಯಾವುದು, ಕಾಂಡದ್ದು ಯಾವುದು ಅಂತ ತಿಳಿಯುವುದಿಲ್ಲ. ಅದಕ್ಕೆ ಪ್ರೋಟೀನನ್ನೇ ಟ್ರಿಪ್ಸಿನ್ ಅನ್ನೋ ಎಂಜೈಮಿನಿಂದ ಚೂರು ಮಾಡಿ, ಸಕ್ಕರೆ ಅಂಟಿದ ಚೂರನ್ನು ಹಾಗೇ ತೂಗಬೇಕು. ಐಜಿಜಿ1 ಬಗೆಯ ಆಂಟಿಬಾಡಿಯ ಕಾಂಡದಲ್ಲಿ ಆ ಚೂರು ಒಂಬತ್ತು ಅಮೈನೋ ಆಮ್ಲದ್ದು. ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಅಕ್ಷರ ಇಟ್ಟರೆ ಇ ಇ ಕ್ಯೂ ವೈ ಎನ್ ಎಸ್ ಟಿ ವೈ ಆರ್. ಈ ಕೆಲಸದಲ್ಲಿರುವವರಿಗೆ ಇದು ಫೋನ್ ನಂಬರಿನ ಹಾಗೆ ಬಾಯಿಪಾಠ.

ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಒಂದು ಆಂಟಿಬಾಡಿಯನ್ನು ಅಳತೆಗೋಲಾಗಿ ಇಟ್ಟಿದೆ. ಅದೇ ಸ್ಯಾಂಪಲನ್ನು ಜಗತ್ತಿನ ಲ್ಯಾಬುಗಳಿಗೆ ಕಳಿಸಿ, ನಿಮ್ಮ ನಿಮ್ಮ ವಿಧಾನದಲ್ಲಿ ಸಕ್ಕರೆ ಎಣಿಸಿ ಕೊಡಿ ಅಂತ ಕೇಳಿದರು. 2020ರಲ್ಲಿ ಫಲಿತಾಂಶ ಬಂತು. 76 ಲ್ಯಾಬು, 103 ವರದಿ. ಒಂದು ಲ್ಯಾಬು ಕಂಡದ್ದು 4 ಬಗೆ, ಇನ್ನೊಂದು ಕಂಡದ್ದು 48. ಎಲ್ಲ ಸೇರಿ 116 ಬಗೆ ಹೆಸರಿಸಿದ್ದರು. ಅದರಲ್ಲಿ ಒಮ್ಮತದ ಅಂಕಿ ಕೊಡಲು ಆದದ್ದು 57ಕ್ಕೆ. ಸ್ಯಾಂಪಲ್ ಒಂದೇ! ಈ ಅಂಕಿ ನೋಡಿ ನನಗೆ ಬೇಜಾರಾಗಲಿಲ್ಲ, ಸಮಾಧಾನ ಆಯಿತು. ಒಬ್ಬನೇ ಒದ್ದಾಡುತ್ತಿಲ್ಲ ಅಂತ.

ಪ್ರಶ್ನೆಗಳು

*ಒಂದೇ ಕೋಶ, ಒಂದೇ ವಿಧಾನ ಅಂದ ಮೇಲೆ ಬ್ಯಾಚಿನಿಂದ ಬ್ಯಾಚಿಗೆ ಯಾಕೆ ಬದಲಾಗುತ್ತದೆ?*

ಕೋಶ ಬೆಳೆಯುವ ದ್ರಾವಣ ಬದಲಾದರೆ ಸಕ್ಕರೆ ಬದಲಾಗುತ್ತದೆ. ಗ್ಯಾಲಕ್ಟೋಸ್ ಅಂಟಿಸುವ ಎಂಜೈಮಿಗೆ ಮ್ಯಾಂಗನೀಸ್ ಬೇಕು. ಕಚ್ಚಾವಸ್ತುವಿನಲ್ಲಿ ಮ್ಯಾಂಗನೀಸ್ ಒಂದು ಚೂರು ಹೆಚ್ಚುಕಡಿಮೆ ಆದರೂ ಜಿ1ಎಫ್, ಜಿ2ಎಫ್ ಅಲ್ಲಾಡುತ್ತವೆ. ಕೋಶಗಳು ಬಿಡುವ ಅಮೋನಿಯಾ ತುಂಬಿಕೊಂಡರೆ ಗಾಲ್ಜಿಯೊಳಗಿನ ಆಮ್ಲೀಯತೆ ಕೆಡುತ್ತದೆ, ಗ್ಯಾಲಕ್ಟೋಸ್ ಕಡಿಮೆಯಾಗುತ್ತದೆ. ನಮ್ಮ ದೇಹದಲ್ಲೂ ಹೀಗೇ ಆಗುತ್ತದೆ. ರುಮಟಾಯ್ಡ್ ಸಂಧಿವಾತ ಇರುವವರ ಆಂಟಿಬಾಡಿಗಳಲ್ಲಿ ಗ್ಯಾಲಕ್ಟೋಸ್ ಕಡಿಮೆ ಅಂತ 1985ರಲ್ಲೇ ಆಕ್ಸ್‌ಫರ್ಡಿನ ರೇಮಂಡ್ ಡ್ವೆಕ್ ಮತ್ತು ಜೊತೆಗಾರರು ತೋರಿಸಿದ್ದರು. ಗರ್ಭಿಣಿಯರಲ್ಲಿ ಗ್ಯಾಲಕ್ಟೋಸ್ ಏರುತ್ತದೆ, ಆ ತಿಂಗಳುಗಳಲ್ಲಿ ಹಲವರ ಸಂಧಿವಾತವೂ ಇಳಿಯುತ್ತದೆ.

*ನಿಮ್ಮ ವಿಧಾನಕ್ಕೆ ಕಾಣದೇ ಇರುವುದು ಏನಾದರೂ ಇದೆಯಾ?*

ಇದೆ. ಒಳ್ಳೆ ಪ್ರಶ್ನೆ, ಇದನ್ನು ನಾನೇ ಹೇಳಬೇಕಿತ್ತು. ಸಕ್ಕರೆಯೇ ಅಂಟದ ಆಂಟಿಬಾಡಿ ನಮ್ಮ ಗ್ರಾಫಿನಲ್ಲಿ ಬರುವುದೇ ಇಲ್ಲ. ಬಿಡಿಸಿಕೊಂಡ ಸಕ್ಕರೆಯನ್ನು ಮಾತ್ರ ಎಣಿಸುತ್ತೇವಲ್ಲ. ನೂರಕ್ಕೆ ಹತ್ತು ಜಾಗ ಖಾಲಿ ಇದ್ದರೂ ಉಳಿದ ತೊಂಬತ್ತನ್ನೇ ನೂರು ಅಂತ ಲೆಕ್ಕ ಹಾಕಿ ಚೆಂದದ ವರದಿ ಕೊಡುತ್ತೇವೆ. ಅದಕ್ಕೆ ಬೇರೆ ಪರೀಕ್ಷೆ ಬೇಕು. ಆಂಟಿಬಾಡಿಯ ಸರಪಳಿಗಳನ್ನು ಬಿಡಿಸಿ, ಕೂದಲಿನಷ್ಟು ಸಪೂರ ಕೊಳವೆಯಲ್ಲಿ ವಿದ್ಯುತ್ ಕೊಟ್ಟು ಓಡಿಸುತ್ತೇವೆ. ಸಕ್ಕರೆ ಇಲ್ಲದ ಭಾರದ ಸರಪಳಿ ಒಂದು ಚೂರು ಮುಂದೆ ಬರುತ್ತದೆ. ಮತ್ತೆ ಅಲ್ಲೂ ಅಷ್ಟೇ, ದೊಡ್ಡ ಪೀಕಿನ ಪಕ್ಕ ಒಂದು ಸಣ್ಣ ಪೀಕು.

*ಸಕ್ಕರೆ ಕಾಯಿಲೆ ಇರುವವರು ಈ ಔಷಧಿ ತಗೊಂಡರೆ ಶುಗರ್ ಏರುತ್ತಾ?*

(ಎಲ್ಲರೂ ನಕ್ಕರು. ಕೇಳಿದವರು ನಗಲಿಲ್ಲ, ನಾನೂ ನಗಲಿಲ್ಲ. ಪಕ್ಕಾ ಲೆಕ್ಕ ಹಾಕಬಹುದಾದ ಪ್ರಶ್ನೆ ಅದು.)

ಲೆಕ್ಕ ಹಾಕೋಣ. 500 ಮಿಲಿಗ್ರಾಂ ಆಂಟಿಬಾಡಿ ಕೊಟ್ಟರು ಅಂತ ಇಟ್ಟುಕೊಳ್ಳಿ. ಶೇ 2ರಿಂದ 3 ಸಕ್ಕರೆ ಅಂದರೆ 10ರಿಂದ 15 ಮಿಲಿಗ್ರಾಂ. ಐದು ಲೀಟರ್ ರಕ್ತದಲ್ಲಿ, ಡೆಸಿಲೀಟರಿಗೆ 100ರಂತೆ, ಯಾವಾಗಲೂ ಇರುವ ಗ್ಲೂಕೋಸೇ 5,000 ಮಿಲಿಗ್ರಾಂ. ಆ 15 ಮಿಲಿಗ್ರಾಮಿನಲ್ಲೂ ಗ್ಲೂಕೋಸ್ ಒಂದೂ ಇಲ್ಲ. ಮ್ಯಾನೋಸ್, ಗ್ಯಾಲಕ್ಟೋಸ್, ಫ್ಯೂಕೋಸ್, ಗ್ಲಕ್‌ನ್ಯಾಕ್. ಅವೂ ಪ್ರೋಟೀನಿಗೆ ಕಚ್ಚಿಕೊಂಡೇ ಇರುತ್ತವೆ, ಆಂಟಿಬಾಡಿ ಕರಗಲು ಎಷ್ಟೋ ವಾರ ಹಿಡಿಯುತ್ತದೆ. ಸಕ್ಕರೆಯ ಕಾರಣಕ್ಕೆ ನಿಮ್ಮ ಗ್ಲೂಕೋಮೀಟರ್ ಏನೂ ತೋರಿಸುವುದಿಲ್ಲ.